ಮಾದಿ ಎಣಿಸದೆ ಬಿಟ್ಟ ಮಗು

ಅಳುವ ಮಗು ಮನೆಯವರ ನಿದ್ದೆ ಕೆಡಿಸುತ್ತದೆ. ಅಳದ ಮಗು ಕೇರಿಯ ನಿದ್ದೆಯನ್ನೇ ಕೆಡಿಸುತ್ತದೆ. ಮಂಜಗುಣಿಯ ಕುಪ್ಪನ ಮನೆಯ ಮಗು ಅಳುತ್ತಿರಲಿಲ್ಲ.

ಹಸಿವಾದರೂ ಇಲ್ಲ, ಇರುವೆ ಕಚ್ಚಿದರೂ ಇಲ್ಲ. ಸಣ್ಣಗೆ ಕುಂಯ್ ಅಂದು ಸುಮ್ಮನಾಗುತ್ತಿತ್ತು. ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ಕೈಯಿಂದ ಜಾರುತ್ತಿತ್ತು. ನೋಡಲು ಬಂದ ಹೆಂಗಸರು ಮೊದಲು ಮಗುವಿನ ಮುಖ ನೋಡುತ್ತಿದ್ದರು, ಆಮೇಲೆ ತಾಯಿ ದೇವಿಯ ಮುಖ, ಆಮೇಲೆ ಅಪ್ಪ ಕುಪ್ಪನ ಮುಖ. ಕೊನೆಗೆ ಚಹಾ ಕುಡಿದು ಎದ್ದು ಹೋಗುತ್ತಿದ್ದರು. ದಾರಿಯಲ್ಲಿ ಮಾತ್ರ ಬಾಯಿ ಬಿಡುತ್ತಿದ್ದರು. "ಯಾರ ಹಾಂಗೂ ಇಲ್ಲ ಮಾರಾಯ್ತಿ. ದೇವಿ ಬಸುರಿ ಇದ್ದಾಗ ಮುಸ್ಸಂಜೆಗೆ ತಾರಿ ದಾಟಿದ್ಳು, ಅಲ್ದಾ? ಹೊಳೆಯಲ್ಲಿ ಎಂತದೋ ತಾಗದೆ."

ತಾರಿ ಅಂದರೆ ಹೊಳೆ ದಾಟಿಸುವ ದೋಣಿ. ಮುಸ್ಸಂಜೆಗೆ ಅದನ್ನು ದಾಟದ ಬಸುರಿಯರು ಆ ಕೇರಿಯಲ್ಲಿ ಯಾರೂ ಇರಲಿಲ್ಲ. ಮಾತಾಡಿದವರೂ ದಾಟಿದವರೇ. ಆದರೆ ಊರ ಬಾಯಿಗೆ ಲೆಕ್ಕ ಕೇಳುವವರು ಯಾರು?

ಇದು ಮೂರ್ನಾಲ್ಕು ವರ್ಷದ ಹಿಂದಿನ, ಎರಡು ಸಾವಿರದ ಆರನೇ ಇಸವಿಯ ಮಾತು. ಕುಪ್ಪನ ಮನೆ ಗಂಗಾವಳಿ ಹೊಳೆ ಸಮುದ್ರ ಸೇರುವ ಕಡೆ, ಗಜನಿಯ ಅಂಚಿಗಿದೆ. ಗಜನಿ ಅಂದರೆ ಉಪ್ಪುನೀರು ಏರಿ ಇಳಿಯುವ ತಗ್ಗು ಗದ್ದೆ. ಭರತದ ಹೊತ್ತಿಗೆ, ಅಂದರೆ ಕಡಲು ಉಬ್ಬಿದಾಗ, ಅಲ್ಲಿ ನೀರು ಸದ್ದು ಮಾಡದೆ ಬರುತ್ತದೆ. ಈಗ ಕೆಸರು ಕಂಡಿದ್ದೀರಿ, ಒಂದು ಎಲೆ ಅಡಿಕೆ ಹಾಕಿ ತಲೆ ಎತ್ತುವಷ್ಟರಲ್ಲಿ ಅಲ್ಲಿ ನೀರು ತುಂಬಿ, ಅದರಲ್ಲಿ ಆಕಾಶ ಕಾಣುತ್ತದೆ. ಆ ಗದ್ದೆಗೆ ಕಟ್ಟಿದ ಮಣ್ಣಿನ ದಂಡೆಯ ತುದಿಯಲ್ಲಿ ಒಂದು ಹೊನ್ನೆ ಮರ. ಆ ಮರದ ಬುಡಕ್ಕೆ ಆ ಮನೆಯವರು ದನ ಕಟ್ಟುತ್ತಿರಲಿಲ್ಲ. ಯಾಕೆಂದು ಕುಪ್ಪನಿಗೂ ಗೊತ್ತಿರಲಿಲ್ಲ. ಅವನ ಅವ್ವಿ ಮಾದಿ "ಕಟ್ಬೇಡ" ಅಂದಿದ್ದಳು, ಅವನು ಕಟ್ಟಲಿಲ್ಲ, ಅಷ್ಟೆ.

ದೇವಿಗೆ ಅದು ಚೊಚ್ಚಲ ಹೆರಿಗೆ. ಕೇಣಿಯ ತವರಿನಲ್ಲಿ ಹೆತ್ತಳು. ಅದು ನಾಟಿಯ ಕಾಲವಾದ್ದರಿಂದ ಮಾದಿಗೆ ಮೊಮ್ಮಗಳನ್ನು ನೋಡಲು ಹೋಗಲಾಗಿರಲಿಲ್ಲ. ಕುಪ್ಪ ಹೋಗಿ ಬಂದವನು, "ಮೂಗು ಚಪ್ಪಟೆ ಅದೆ ಅವ್ವಿ, ನಿಂದೇ" ಎಂದು ನಗಾಡಿದ್ದ. ಮಾದಿಯೂ ನಕ್ಕಿದ್ದಳು.

ಮಳೆ ನಿಂತ ಮೇಲೆ ದೇವಿ ಕೂಸನ್ನು ಕರೆದುಕೊಂಡು ಗಂಡನ ಮನೆಗೆ ಬಂದಳು. ಮಾದಿ ಕೆಂಪು ನೀರಿನ ಹರಿವಾಣ ಹಿಡಿದು ಬಾಗಿಲಿಗೆ ಬಂದು ದೃಷ್ಟಿ ನೀವಾಳಿಸತೊಡಗಿದಳು. ಬಗ್ಗಿ ಮಗುವಿನ ಮುಖ ನೋಡಿದಳು. ಹರಿವಾಣ ಅರ್ಧ ಸುತ್ತಿನಲ್ಲೇ ನಿಂತುಹೋಯಿತು.

"ಮತ್ತೆ ಬಂದ್ಯಾ?" ಎಂದಳು.

ಮೊದಲ ಸಲ ಮನೆಗೆ ಬಂದ ಮಗುವಿಗೆ ಹಾಗೆ ಕೇಳಿದಳು! ಆ ಮಾತು ದೇವಿಗೆ ಮಾತ್ರ ಕೇಳಿಸಿತು. ಅವಳ ಬೆನ್ನ ಮೇಲೆ ಯಾರೋ ತಣ್ಣನೆ ಕೈ ಇಟ್ಟ ಹಾಗಾಯಿತು.

ಅಂದಿನಿಂದ ಮಾದಿ ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ. ದಿನಾ ಹೊತ್ತು ಮುಳುಗುವ ಹೊತ್ತಿಗೆ ಒಂದು ಎಲೆಯ ತುಂಡಿನಲ್ಲಿ ಹಾಲನ್ನ ಹಾಕಿಕೊಂಡು ದಂಡೆಯ ತುದಿಗೆ ಹೋಗುವಳು, ಬರಿಗೈಯಲ್ಲಿ ಬರುವಳು. ಬರುವಾಗ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಒಂದು ಸಂಜೆ ದೇವಿ ಒಟ್ಟಿದ ಸೌದೆಯ ಮರೆಯಲ್ಲಿ ನಿಂತು ಕಿವಿಗೊಟ್ಟಳು. ಅತ್ತೆ ಹೊನ್ನೆ ಮರದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮಾತಾಡುತ್ತಿದ್ದಳು. ಎದುರಿಗೆ ಯಾರೂ ಇರಲಿಲ್ಲ. ಏರುತ್ತಿರುವ ನೀರು ಮಾತ್ರ ಇತ್ತು.

"ಅದು ನಿಂದಲ್ಲ. ಅದ್ನ ಬಿಡು. ನೀ ಇಲ್ಲೇ ಇರು. ನಾ ದಿನಾ ಬರ್ತೆ."

ದೇವಿ ಓಡಿ ಒಳಗೆ ಬಂದಳು. ತೊಟ್ಟಿಲಲ್ಲಿ ಮಗು ಎಚ್ಚರವಾಗಿತ್ತು. ಮೇಲಕ್ಕೆ ಓರೆಯಾದ ಸಣ್ಣ ಕಣ್ಣುಗಳನ್ನು ತೆರೆದು, ನಾಲಿಗೆಯ ತುದಿಯನ್ನು ಹೊರಗಿಟ್ಟುಕೊಂಡು, ಕಿಟಕಿಯಾಚೆ ದಂಡೆಯ ಕಡೆಗೇ ನೋಡುತ್ತಿತ್ತು. ಅಡುಗೆಮನೆಯಲ್ಲಿ ಬೆಕ್ಕು ಕೊಡಪಾನ ಉರುಳಿಸಿ ಢಣ್ ಎಂದಿತು. ದೇವಿ ಬೆಚ್ಚಿದಳು, ಮಗು ಬೆಚ್ಚಲಿಲ್ಲ.

ಹಾಲು ಕುಡಿಯುವಾಗ ಇನ್ನೊಂದು ಕಾಟ. ನಾಲ್ಕು ಗುಟುಕಿಗೇ ಮಗುವಿನ ಹಣೆಯ ತುಂಬ ಬೆವರು, ಏದುಸಿರು. ತುಟಿ ನೋಡಿದರೆ ನೇರಳೆ ಹಣ್ಣು ತಿಂದವರ ತುಟಿ. ದೇವಿ ಗಾಬರಿಯಿಂದ ಅತ್ತೆಯನ್ನು ಕೂಗಿದಳು. ಮಾದಿ ಬಂದು ನೋಡಿದಳು. ಅವಳ ಮುಖ ಬೂದಿಯಾಯಿತು. ಸೆರಗಿನಿಂದ ಮಗುವಿನ ಬಾಯಿ ಮರೆ ಮಾಡಿ ಪಿಸುಗುಟ್ಟಿದಳು: "ಯಾರಿಗೂ ಹೇಳ್ಬೇಡ. ಹೆಸರೆತ್ತಿದ್ರೆ ಅದಕ್ಕೆ ದಾರಿ ಸಿಕ್ತದೆ."

"ಯಾವ್ದಕ್ಕೆ ಅತ್ತೇ?"

ಮಾದಿ ಸೆರಗು ಕೊಡವಿ ಒಲೆಯ ಕಡೆಗೆ ಹೋದಳು.

ಅಂಗನವಾಡಿಯ ಗೋದಾವರಿ ಅಕ್ಕೋರು ಮಗುವಿನ ತೂಕ ನೋಡಲು ಬಂದರು. ಅವರದು ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಮನಸ್ಸು. ಮಗುವನ್ನು ತಕ್ಕಡಿಯ ಜೋಳಿಗೆಯಲ್ಲಿ ಕೂರಿಸಿ, ಮುಳ್ಳು ನೋಡಿ ಹುಬ್ಬು ಗಂಟಿಕ್ಕಿದರು.

"ಹೋದ ತಿಂಗ್ಳ ಎಷ್ಟಿತ್ತೋ ಅಷ್ಟೇ ಅದೆ. ದೇವೀ, ಹಾಲು ಕುಡೀತದ್ಯಾ?"

ದೇವಿ ಅತ್ತೆಯ ಕಡೆ ನೋಡಿದಳು. "ಕುಡೀತದೆ."

"ನನ್ನ ನೋಡಿ ಹೇಳು. ಅತ್ತೆ ಹಣೆ ಮೇಲೆ ಎಂತ ಬರ್ದದೆ?"

ಮಾದಿ ಸಿಡುಕಿದಳು. "ಅದು ತೂಕಕ್ಕೆ ಸಿಗೂ ಸೀಕಲ್ಲ ಅಕ್ಕೋರೇ. ಡಾಕ್ಟ್ರು ನೋಡೂ ಸೀಕೂ ಅಲ್ಲ. ಬಂದದ್ದು ಹೋಗ್ತದೆ. ಮೊದ್ಲೂ ಹಾಂಗೇ..." ಎಂದವಳು ಮಾತು ನುಂಗಿದಳು.

ಅಂಗಳದಲ್ಲಿ ಬಲೆ ಬಿಡಿಸುತ್ತಿದ್ದ ಕುಪ್ಪನನ್ನು ಅಕ್ಕೋರು ತರಾಟೆಗೆ ತೆಗೆದುಕೊಂಡರು. "ಹ್ವಾಯ್ ಕುಪ್ಪಾ, ನಿನ್ನ ಎಮ್ಮೆ ಒಂದಿನ ಮೇವು ಬಿಟ್ರೆ ಅಂಕೋಲೆವರೆಗೆ ಓಡ್ತೆ. ಮಗು ಹಾಲು ಬಿಟ್ರೆ ಬಲೆ ಬಿಡಿಸ್ತಾ ಕೂತ್ಕಂತ್ಯಾ?"

"ಅವ್ವಿ ಬ್ಯಾಡ ಹೇಳ್ತದೆ ಅಕ್ಕೋರೇ."

"ಅವ್ವಿಗೆ ಹೆದ್ರಿಕೆ ಅದೆ. ಹೆದ್ರಿದವ್ರ ಕೈಲಿ ಹುಟ್ಟು ಕೊಟ್ರೆ ದೋಣಿ ದಡ ಮುಟ್ತದ್ಯಾ? ನಾಳೆ ಬೆಳಿಗ್ಗೆ ಕಾರವಾರಕ್ಕೆ ಹೋಗೂದು. ಮಕ್ಕಳ ಡಾಕ್ಟ್ರು ಇದ್ದಾರೆ. ನಾನೂ ಬರ್ತೆ."

ಮರುದಿನ ಎಲ್ಲರೂ ಕೆಂಪು ಬಸ್ಸು ಹತ್ತಿದರು. ಮಾದಿಯೂ ಬಿಡದೆ ಹೊರಟಳು. ಗಾಳಿ ಸೋಕದಿರಲೆಂದು ಸೆರಗಿನ ಗಂಟಿನಲ್ಲಿ ಕಬ್ಬಿಣದ ಮೊಳೆ ಕಟ್ಟಿಕೊಂಡಿದ್ದಳು. ದಾರಿಯಲ್ಲಿ ಸೊಸೆಯ ಕೈ ಹಿಡಿದು ಮಗುವಿನ ತಲೆಯ ಮೇಲೆ ಇಟ್ಟಳು. "ಆಣೆ ಮಾಡು. ಅವ್ರು ಎಂತ ಕೇಳಿದ್ರೂ ಇಲ್ಲ ಹೇಳು. ಮನೆ ಸುದ್ದಿ ಹೊರಗೆ ಬೀಳೂದು ಬ್ಯಾಡ." ಮಗುವಿನ ತಲೆ ಮುಟ್ಟಿ ಆಣೆ ಮಾಡಿದ ಮೇಲೆ ಯಾವ ತಾಯಿ ತಪ್ಪುತ್ತಾಳೆ? ದೇವಿ ಒಪ್ಪಿಕೊಂಡಳು. ಮಗುವನ್ನು ಉಳಿಸಲೆಂದೇ ಹೊರಟವರು ಮಗುವಿನ ಬಾಯಿ ಕಟ್ಟಿಯೇ ಹೊರಟ ಹಾಗಾಯಿತು.

ಡಾಕ್ಟರ ಹೆಸರು ವಿಜೇತಾ. ಅಲ್ಲೇ ಹತ್ತಿರದ ಚಿತ್ತಾಕುಲ ಊರಿನವರು. ಮಗುವನ್ನು ಮೇಜಿನ ಮೇಲೆ ಮಲಗಿಸಿ ಮುಖ, ಕತ್ತು, ಅಂಗೈ, ಕಾಲ ಬೆರಳು ಎಲ್ಲ ಮೆಲ್ಲಗೆ ನೋಡಿದರು. ಅಂಗೈಗೆ ಅಡ್ಡಲಾಗಿ ಒಂದೇ ಗೆರೆ ಇತ್ತು. ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಹೆಚ್ಚು ಅಂತರ ಇತ್ತು. ಆಮೇಲೆ ಕುರ್ಚಿ ಎಳೆದುಕೊಂಡು ದೇವಿಯ ಎದುರಿಗೇ ಕೂತರು.

"ನೋಡು ತಂಗಿ, ನನ್ಗೆ ಒಂದು ಅನುಮಾನ ಅದೆ. ಅದನ್ನ ಆಮೇಲೆ ಹೇಳ್ತೆ. ಮೊದ್ಲು ಸುಮಾರು ಪ್ರಶ್ನೆ ಕೇಳ್ತೆ. ಮಗುಗೆ ಮಾತು ಬರೂದಿಲ್ಲ. ಅದ್ರ ಬಾಯಿ ನೀನೇ."

ಬಸುರಿದ್ದಾಗ ಜ್ವರ ಬಂದಿತ್ತೇ, ಯಾವುದಾದರೂ ಔಷಧಿ ತೆಗೆದುಕೊಂಡಿದ್ದಳೇ, ಹೊಟ್ಟೆಯಲ್ಲಿ ಮಗು ಚೆನ್ನಾಗಿ ಮಿಸುಕುತ್ತಿತ್ತೇ ಎಂದು ಕೇಳಿದರು. ಹುಟ್ಟಿದ ಕೂಡಲೇ ಅತ್ತಿತೇ, ಮೈ ಹಳದಿಯಾಗಿತ್ತೇ, ಹೊಟ್ಟೆ ಸರಿಯಾಗಿ ಹೋಗುತ್ತದೆಯೇ ಎಂದರು. ದೇವಿಯ ವಯಸ್ಸು ಕೇಳಿದರು. ಗಂಡ ಹೆಂಡತಿ ಹತ್ತಿರದ ಸಂಬಂಧವೇ ಎಂದೂ ಕೇಳಿದರು. ಇದಕ್ಕೆಲ್ಲ ದೇವಿ ಇದ್ದದ್ದನ್ನೇ ಹೇಳಿದಳು.

"ಸದ್ದಿಗೆ ಬೆಚ್ಚಿ ಬೀಳ್ತದ್ಯಾ?"

ಬಾಗಿಲ ಬಳಿ ನೆಲದ ಮೇಲೆ ಬೆನ್ನು ಮಾಡಿ ಕೂತಿದ್ದ ಮಾದಿ ಕೆಮ್ಮಿದಳು. ದೇವಿ, "ಹೂಂ" ಎಂದಳು.

"ಹಾಲು ಕುಡಿಯೂವಾಗ ಬೆವರ್ತದ್ಯಾ? ತುಟಿ ನೀಲಿ ಆಗ್ತದ್ಯಾ?"

"ಇಲ್ಲ."

"ಮನೆಯಲ್ಲಿ, ನಿಂದು ಇರ್ಲಿ ಅವ್ರದ್ದು ಇರ್ಲಿ, ಇಂಥ ಮಗು ಮೊದ್ಲು ಹುಟ್ಟಿತ್ತಾ? ಸಣ್ಣದಿದ್ದಾಗ್ಲೇ ಹೋದದ್ದು? ಬಸಿರು ನಿಲ್ಲದ್ದು?"

"ಯಾರೂ ಇಲ್ಲ." ಹೇಳುವಾಗ ದೇವಿಯ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ಡಾಕ್ಟರು ತಲೆಯಾಡಿಸಿದರು. "ಹಾಂಗಾದ್ರೆ ಗಡಿಬಿಡಿ ಇಲ್ಲ. ರಕ್ತ ಪರೀಕ್ಷೆಗೆ ಕಳಿಸ್ತೆ. ಹೃದಯದ ದೊಡ್ಡ ಡಾಕ್ಟ್ರು ಮುಂದಿನ ತಿಂಗ್ಳು ಇಲ್ಲಿಗೆ ಬರ್ತಾರೆ, ಆಗ ತೋರಿಸುವಾ." ಚೀಟಿ ಬರೆಯತೊಡಗಿ, "ಅಪ್ಪನ ಹೆಸ್ರು?" ಎಂದು ಕೇಳಿದರು.

"ಕುಪ್ಪ."

ಪೆನ್ನು ನಿಂತಿತು. ಡಾಕ್ಟರು ತಲೆ ಎತ್ತಿ ಕುಪ್ಪನನ್ನು ನೋಡಿದರು.

"ನನ್ನ ಅಜ್ಜಿಯ ತಮ್ಮನ ಹೆಸ್ರೂ ಕುಪ್ಪ. ಹುಟ್ಟಿದ ಕೂಡ್ಲೇ ಅವ್ರನ್ನ ಗೊಬ್ಬರದ ಕುಪ್ಪೆ ಮೇಲೆ ಮಲಗ್ಸಿ, ಪಕ್ಕದ ಮನೆಯವ್ರು ಎತ್ಕಂಡು ಬಂದು, ಒಂದು ಮುಷ್ಟಿ ತೌಡಿಗೆ ತಾಯಿಗೇ ವಾಪಸ್ ಕೊಟ್ಟಿದ್ರಂತೆ. ಇದು ಕಸ, ಯಾರಿಗೂ ಬೇಡದ್ದು ಅಂದ್ಕಂಡು ಸಾವು ಮುಟ್ಟೂದಿಲ್ಲ ಅಂತ. ಆದ್ರೆ ಸುಮ್ಸುಮ್ನೆ ಯಾರೂ ಹಾಂಗೆ ಮಾಡೂದಿಲ್ಲ. ಅದ್ಕೂ ಮುಂಚೆ ಒಂದು ಮಗು ಹೋದ ಮನೆಯಲ್ಲಿ ಮಾತ್ರ ಮಾಡ್ತಾರೆ. ಕುಪ್ಪಣ್ಣಾ, ನಿನಗಿಂತ ಮುಂಚೆ ಹೋದದ್ದು ಯಾರು?"

ಕುಪ್ಪನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅಷ್ಟು ವರ್ಷ ಆ ಹೆಸರು ಹೊತ್ತು ತಿರುಗಿದರೂ ಅದು ಯಾರ ಸಾವಿನ ಹೆಸರೆಂದು ಕೇಳಿರಲಿಲ್ಲ. ಅವನು ಬಾಗಿಲ ಬಳಿಯ ಬೆನ್ನನ್ನೇ ನೋಡಿದ.

"ಅವ್ವಿ?"

ಮಾದಿ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಳು.

ಡಾಕ್ಟರು ಎದ್ದು ಹೋಗಿ ಮಾದಿಯ ಪಕ್ಕದಲ್ಲಿ ನೆಲಕ್ಕೇ ಕೂತರು. "ಅಜ್ಜೀ, ನೀವು ಹೇಳೂದು ಬೇಡ. ನಾ ಹೇಳ್ತೆ, ತಪ್ಪಿದ್ರೆ ತಪ್ಪು ಹೇಳಿ. ಆ ಮಗುಗೂ ಕಣ್ಣು ಹೀಂಗೇ ಮೇಲಕ್ಕೆ ಓರೆ ಇತ್ತು. ಮೂಗು ಚಪ್ಪಟೆ, ಕತ್ತು ಗಿಡ್ಡ. ನಾಲಿಗೆ ಹೊರಗಿಡ್ತಿತ್ತು. ಎತ್ಕಂಡ್ರೆ ಜಾರ್ತಿತ್ತು. ಹೆಚ್ಚು ಅಳ್ತಾ ಇರ್ಲಿಲ್ಲ. ಹಾಲು ಕುಡೀತಾ ಕುಡೀತಾ ಬೆವರ್ತಿತ್ತು, ತುಟಿ ಕಪ್ಪಾಗ್ತಿತ್ತು..."

ಮಾದಿ ಗಕ್ಕನೆ ತಿರುಗಿದಳು. ಅವಳ ಕಣ್ಣಲ್ಲಿದ್ದ ಭಯ ನೋಡಿ ಗೋದಾವರಿ ಅಕ್ಕೋರು ಕೂಡ ಒಂದು ಹೆಜ್ಜೆ ಹಿಂದೆ ಸರಿದರು.

"ನೀವು ಅದ್ನ ನೋಡೀರಾ?" ಎಂದಳು ಮಾದಿ. "ಎಲ್ಲಿ ನೋಡೀರಿ? ದಂಡೆ ಮೇಲಾ?"

ಮೇಜಿನ ಮೇಲಿದ್ದ ಮಗು ಮಾದಿಯ ಕಡೆ ಮುಖ ತಿರುಗಿಸಿ, ನಾಲಿಗೆ ತುದಿ ಹೊರಗಿಟ್ಟುಕೊಂಡು ನಕ್ಕಿತು.

"ಅದನ್ನ ನೋಡ್ಲಿಲ್ಲ ಅಜ್ಜೀ," ಎಂದರು ಡಾಕ್ಟರು. "ಆದ್ರೆ ಆ ಮುಖ ಸುಮಾರು ಸಲ ನೋಡಿದ್ದೆ. ಸದಾಶಿವಗಡದಲ್ಲಿ ಒಬ್ಬ ಹುಡುಗ ಇದ್ದಾನೆ, ಅಪ್ಪನ ಸೋಡಾ ಅಂಗಡಿಯಲ್ಲಿ ಕೂತು ಬಂದವ್ರಿಗೆಲ್ಲ ನಮಸ್ಕಾರ ಮಾಡ್ತಾನೆ. ಅವ್ನಿಗೂ ಇದೇ ಮುಖ. ಹುಬ್ಬಳ್ಳಿಯಲ್ಲಿ ಓದೂವಾಗ ಎಷ್ಟೋ ಮಕ್ಕಳನ್ನ ನೋಡಿದೆ. ಒಬ್ರಿಗೊಬ್ರು ಸಂಬಂಧ ಇಲ್ಲ, ಆದ್ರೂ ಒಂದೇ ಮನೆ ಮಕ್ಕಳ ಹಾಂಗೆ ಕಾಣ್ತಾರೆ. ಎಂತಕ್ಕೆ ಗೊತ್ತಾ? ನಮ್ಮ ಮೈಯ ಕಣಕಣದಲ್ಲೂ ಕ್ರೋಮೋಸೋಮ್ ಹೇಳಿ ಸಣ್ಣ ಸಣ್ಣ ಎಳೆ ಇರ್ತದೆ. ಈ ಮಕ್ಕಳಲ್ಲಿ ಒಂದು ಎಳೆ ಹೆಚ್ಚಿಗೆ ಇರ್ತದೆ, ಅಷ್ಟೇ. ಇದಕ್ಕೆ ಡೌನ್ ಸಿಂಡ್ರೋಮ್ ಅಂತಾರೆ. ಹೋದದ್ದು ತಿರುಗಿ ಬಂದದ್ದಲ್ಲ. ಇದು ಬೇರೆ ಮಗು. ಇದ್ಕೆ ಇದ್ರದ್ದೇ ಜೀವ ಅದೆ."

ದೇವಿಗೆ ಇನ್ನು ತಡೆಯಲಾಗಲಿಲ್ಲ. "ಹೌದು ಡಾಕ್ಟ್ರೇ, ತುಟಿ ನೀಲಿ ಆಗ್ತದೆ! ದಿನಾ ಆಗ್ತದೆ. ಬೆವರ್ತದೆ, ದಣೀತದೆ. ಕೊಡಪಾನ ಬಿದ್ರೂ ಬೆಚ್ಚೂದಿಲ್ಲ. ನಾ ಸುಳ್ಳು ಹೇಳ್ದೆ." ಅವಳು ಮಗುವಿನ ತಲೆ ಸವರುತ್ತಾ ಅತ್ತಳು. "ಆಣೆ ಮುರ್ದೆ. ಇದ್ಕೆ ಎಂತದಾದ್ರೂ ಆಗ್ತದ್ಯಾ?"

"ಆಣೆ ಮುರಿಯದಿದ್ರೆ ಆಗ್ತಿತ್ತು," ಎಂದರು ಡಾಕ್ಟರು.

ಆಗ ಮಾದಿ ಮಾತಾಡಿದಳು. ಯಾರ ಕಡೆಗೂ ನೋಡದೆ, ಕಬ್ಬಿಣದ ಮೊಳೆಯ ಗಂಟನ್ನು ಬಿಚ್ಚುತ್ತಾ ಕಟ್ಟುತ್ತಾ ಮಾತಾಡಿದಳು.

"ಹೆಣ್ಣು ಕೂಸು. ಇದೇ ಮುಖ. ನನ್ನ ಮಡ್ಲಲ್ಲೇ ಹಾಲು ಕುಡೀತಾ ಇತ್ತು. ತುಟಿ ಕಪ್ಪಾಯ್ತು, ಕಣ್ಣು ಮುಚ್ತು. ಕೂಸು ದಣದದೆ, ನಿದ್ದೆ ಬಂತು ಅಂದ್ಕಂಡೆ ನಾ. ಎಷ್ಟೋ ಹೊತ್ತು ತಟ್ತಾ ಕೂತೆ. ಹಲ್ಲು ಬರದ ಕೂಸು, ಸುಡೂದಿಲ್ಲ ಅಲ್ದಾ... ಹೊನ್ನೆ ಮರದ ಬುಡಕ್ಕೆ ಇಟ್ರು. ಹೆಸರೆತ್ತಬೇಡ, ಎತ್ತಿದ್ರೆ ಮುಂದಿನದಕ್ಕೂ ಬರ್ತದೆ ಅಂದ್ರು ಹಿರಿಯರು. ಮುಂದಿನ ಎರಡು ಬಸಿರೂ ನಿಲ್ಲಲಿಲ್ಲ. ಆಮೇಲೆ ಇಂವ ಹುಟ್ಟಿದ, ಕುಪ್ಪೆ ಮೇಲೆ ಇಟ್ಟೆ. ಅಲ್ಲಿಂದ ನಾ ಅದ್ರ ಹೆಸ್ರು ಬಾಯಲ್ಲಿ ತರಲಿಲ್ಲ. ಇವನ ಬೆನ್ನಿಗೆ ಇನ್ನೆರಡು ಹುಟ್ಟಿದ್ವು. ಯಾರು ಕೇಳಿದ್ರೂ ಮೂರು ಮಕ್ಳು ಅಂದೆ."

"ಎಂತ ಹೆಸರಿಟ್ಟಿದ್ರಿ?" ಎಂದರು ಡಾಕ್ಟರು.

ಮಾದಿ ಮೇಲೆ ನೋಡಿದಳು, ಬಾಗಿಲ ಕಡೆ ನೋಡಿದಳು, ಏನಾದರೂ ಬರುತ್ತದೋ ಎಂದು ಕಾದವಳ ಹಾಗೆ.

"ಗಂಗೂ."

ಏನೂ ಬರಲಿಲ್ಲ. ಹೊರಗೆ ಯಾರದೋ ಮಗು ಸೂಜಿಗೆ ಹೆದರಿ ಕಿರುಚುತ್ತಿತ್ತು, ಅಷ್ಟೆ. ಕುಪ್ಪ ಹೋಗಿ ಅವ್ವಿಯ ಪಕ್ಕ ಕೂತ. ಮೀಸೆ ಬಂದ ಗಂಡಸು ತನಗೊಬ್ಬಳು ಅಕ್ಕ ಇದ್ದಳೆಂದು ಅಂದು ತಿಳಿದು ಬಿಕ್ಕಿದ. ನನಗೆ ಇದನ್ನು ಹೇಳುವಾಗ ಅಕ್ಕೋರೂ ಕಣ್ಣು ಒರೆಸಿಕೊಂಡರು.

ಡಾಕ್ಟರು ಬರೆದ ಚೀಟಿಯನ್ನು ಹರಿದು ಬೇರೆ ಬರೆದರು. ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಹೃದಯದಲ್ಲಿ ತೊಂದರೆ ಇರುತ್ತದೆ, ಎಷ್ಟೋ ಸಲ ಎದೆಗೆ ಕೊಳವೆ ಇಟ್ಟು ಕೇಳಿದರೂ ಅದು ಗೊತ್ತಾಗುವುದಿಲ್ಲ, ತಾಯಿ ಹೇಳುವ ಬೆವರು, ನೀಲಿ, ದಣಿವು ಇವೇ ಗುರುತು ಎಂದು ತಿಳಿಸಿದರು. ಮುಂದಿನ ತಿಂಗಳು ಅಂದದ್ದು ಮರುದಿನಕ್ಕೇ ಬಂತು. ಮಂಗಳೂರಿನಲ್ಲಿ ಪುಟ್ಟುವಿನ ಹೃದಯದ ಸ್ಕ್ಯಾನ್ ಆಯಿತು. ಹೌದು, ಮಗುವಿಗೆ ಅಷ್ಟರಲ್ಲಿ ಪುಟ್ಟು ಎಂಬ ಹೆಸರು ನಿಂತಿತ್ತು. ಹೃದಯದಲ್ಲಿ ದೊಡ್ಡ ತೂತು ಇತ್ತು. ಔಷಧಿ ಕೊಟ್ಟು, ತೂಕ ಹೆಚ್ಚಿಸಿ, ವರ್ಷ ತುಂಬುವ ಮೊದಲೇ ಆಪರೇಷನ್ ಮಾಡಿದರು. "ಸುಮ್ಮನೆ ಕಾದಿದ್ದರೆ ಶ್ವಾಸಕೋಶ ಹಾಳಾಗಿ ಆಪರೇಷನ್ ಮಾಡುವ ಹಾಗೂ ಇರುತ್ತಿರಲಿಲ್ಲ" ಎಂದರು ಅಲ್ಲಿಯ ಡಾಕ್ಟರು. ಕಿವಿಯ ಪರೀಕ್ಷೆಯೂ ಥೈರಾಯ್ಡ್ ಪರೀಕ್ಷೆಯೂ ಆದವು. ಕಿವಿಯೊಳಗೆ ನೀರು ಕಟ್ಟಿತ್ತು, ಅದಕ್ಕೂ ಚಿಕಿತ್ಸೆ ಸಿಕ್ಕಿತು.

ರಕ್ತದ ವರದಿಯಲ್ಲಿ ಡೌನ್ ಸಿಂಡ್ರೋಮ್ ಖಚಿತವಾಯಿತು. ಅದು ಹೆಚ್ಚಿನ ಮಕ್ಕಳಲ್ಲಿ ಮನೆತನದಿಂದ ಬರುವುದಿಲ್ಲ, ಯಾವ ವಯಸ್ಸಿನ ತಾಯಿಗೂ ಅಂಥ ಮಗು ಹುಟ್ಟಬಹುದು. ವಯಸ್ಸು ಏರಿದ ತಾಯಂದಿರಲ್ಲಿ ಆ ಸಾಧ್ಯತೆ ಹೆಚ್ಚು. ಆದರೆ ಪುಟ್ಟುವಿನದು ಕೆಲವೇ ಮನೆಗಳಲ್ಲಿ ಕಾಣುವ ಬಗೆ. ಎಳೆಯೊಂದು ಇನ್ನೊಂದಕ್ಕೆ ಅಂಟಿಕೊಂಡು ಸದ್ದಿಲ್ಲದೆ ತಲೆಮಾರು ದಾಟುವಂಥದು. ಗಂಗೂವಿನ ಕಥೆ ಕೇಳಿದ್ದರಿಂದ ಡಾಕ್ಟರು ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಕೂಡಲೇ ಪರೀಕ್ಷೆಗೆ ಕಳಿಸಿದ್ದರು. ಅಂಟಿಕೊಂಡ ಎಳೆ ಕುಪ್ಪನಲ್ಲಿತ್ತು. ಅವನಿಗೆ ಅದರಿಂದ ಯಾವ ಸೀಕೂ ಇಲ್ಲ. ಮುಂದಿನ ಬಸಿರಿಗೆ ಮೊದಲು ಬಂದು ಮಾತಾಡಿ ಎಂದು ಡಾಕ್ಟರು ಇಬ್ಬರಿಗೂ ತಿಳಿಸಿ ಹೇಳಿದರು.

"ಹಾಂಗಾದ್ರೆ ತಪ್ಪು ನಂದಾ?" ಎಂದು ಕುಪ್ಪ ಕೇಳಿದ್ದನಂತೆ.

"ನಿನ್ನ ಮೂಗು ಚಪ್ಪಟೆ ಇರೂದು ನಿನ್ನ ತಪ್ಪಾ? ಇದೂ ಹಾಂಗೇ. ಯಾರ ತಪ್ಪೂ ಅಲ್ಲ. ತಾರಿಯದ್ದಂತೂ ಅಲ್ಲವೇ ಅಲ್ಲ" ಎಂದರಂತೆ ಡಾಕ್ಟರು. ಆ ಮಾತನ್ನು ಅಕ್ಕೋರು ತಮ್ಮ ದೊಡ್ಡ ಗಂಟಲಿನಲ್ಲಿ ಕೇರಿಗೆಲ್ಲ ಮುಟ್ಟಿಸಿದರು.

ಪುಟ್ಟು ಉಳಿದ ಮಕ್ಕಳಿಗಿಂತ ತಡವಾಗಿ ಕೂತಳು, ತಡವಾಗಿ ನಡೆದಳು. ಈಗ ಅಂಗನವಾಡಿಯಲ್ಲಿ ಎಲ್ಲರ ತಟ್ಟೆಯಲ್ಲೂ ಕೈ ಹಾಕುತ್ತಾಳೆ. ಜೋರಾಗಿ ಅಳುತ್ತಾಳೆ ಕೂಡ. ಮಾದಿಗೆ ಆ ಅಳು ಕೇಳಿದರೆ ಹಬ್ಬ.

ಮಾದಿ ಸಂಜೆ ದಂಡೆಗೆ ಹೋಗುವುದನ್ನು ಬಿಟ್ಟಿಲ್ಲ. ಈಗ ಪುಟ್ಟುವನ್ನೂ ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಾಳೆ. "ಗಂಗೂ, ನೋಡು, ನಿನ್ನ ತಮ್ಮನ ಮಗ್ಳು" ಎಂದು ಗಟ್ಟಿಯಾಗಿಯೇ ಹೇಳುತ್ತಾಳೆ. ನೀರು ಸದ್ದಿಲ್ಲದೆ ಏರುತ್ತಿರುತ್ತದೆ. ಪುಟ್ಟು ಆ ಮರದ ಬುಡಕ್ಕೆ ಕೈ ಬೀಸಿ ನಗುತ್ತಾಳೆ. ಅವಳು ಯಾರನ್ನು ನೋಡಿ ನಗುತ್ತಾಳೋ ನನಗೆ ಗೊತ್ತಿಲ್ಲ. ಅದನ್ನು ನಾನು ಡಾಕ್ಟರ ಹತ್ತಿರ ಕೇಳಲೂ ಹೋಗಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕೂಸು ತೀರಾ ಮೆತ್ತಗಿದ್ದರೆ, ಹಾಲು ಕುಡಿಯುವಾಗ ಬೆವರಿದರೆ, ತುಟಿ ನೀಲಿಯಾದರೆ, ಸದ್ದಿಗೆ ತಿರುಗದಿದ್ದರೆ, ತೂಕ ಏರದಿದ್ದರೆ ಮಂತ್ರ ತಾಯಿತ ಎಂದು ದಿನ ಕಳೆಯಬೇಡಿ. ಅಂಗನವಾಡಿಯ ಅಕ್ಕೋರಿಗೋ ನರ್ಸಬಾಯಿಗೋ ತಿಳಿಸಿ, ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಹುಟ್ಟಿ ಹೋದ ಮಕ್ಕಳು, ನಿಲ್ಲದ ಬಸಿರು, ಸಂಬಂಧದಲ್ಲಿ ಆದ ಮದುವೆ, ಯಾವುದನ್ನೂ ಮುಚ್ಚಿಡಬೇಡಿ. ಡಾಕ್ಟರು ಕೇಳುವುದು ನಿಮ್ಮ ಮಾನ ಕಳೆಯಲಿಕ್ಕಲ್ಲ.

ಮೊನ್ನೆ ಕಾರವಾರದ ಅದೇ ಆಸ್ಪತ್ರೆಯಲ್ಲಿ ಪುಟ್ಟುವನ್ನು ತೋರಿಸಲು ಹೋದಾಗ, ಸಣ್ಣ ಕೂಸು ಹಿಡಿದು ಹೆದರಿ ಕೂತಿದ್ದ ತಾಯಿಯೊಬ್ಬಳು ಮಾದಿಯನ್ನು ಮಾತಿಗೆ ಕೇಳಿದಳು: "ಅಜ್ಜೀ, ನಿಮ್ಗೆ ಎಷ್ಟು ಮಕ್ಕಳು?"

"ನಾಕು," ಎಂದಳು ಮಾದಿ. "ಮೊದಲ್ನೇದು ಗಂಗೂ. ಹಾಲು ಕುಡೀತಾ ಇದ್ದಾಗ್ಲೇ ಹೋಯ್ತು. ಒಳಗೆ ಹೋದ ಮೇಲೆ ನೀನೂ ಎಲ್ಲ ಹೇಳು ತಂಗೀ."